ತಂತಿಯ ನಡುವೆ ನಿಂತವರು

ಹೋದ ವರ್ಷ ಮುಂಗಾರು ಹಿಡಿಯುವ ಮೊದಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಮೂರು ಪಾಣಿಪತ್ ಯುದ್ಧಗಳ ಇಸವಿಗಳನ್ನು ತಪ್ಪದೆ ಅದಲುಬದಲು ಮಾಡಿ ಬರೆಯುತ್ತಿದ್ದವನು ಆತ. ಈಗ ಹುಬ್ಬಳ್ಳಿಯಲ್ಲಿ ಒಂದು ಅಂಗಡಿ ಇಟ್ಟಿದ್ದಾನೆ. ಮನೆಯಲ್ಲಿಯೇ ಆರೈಕೆ ಪಡೆಯುವ ರೋಗಿಗಳಿಗೆ ಆಮ್ಲಜನಕದ ಸಿಲಿಂಡರು, ಗಾಲಿಕುರ್ಚಿ, ಆಸ್ಪತ್ರೆಯ ಮಂಚ ಮೊದಲಾದವುಗಳನ್ನು ಬಾಡಿಗೆಗೆ ಕೊಡುವುದು ಆತನ ಉದ್ಯೋಗ. ಚಹ ಕುಡಿದ ಮೇಲೆ ಚೀಲದಿಂದ ಮೂರು ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟ.

"ಸರ್, ಹಳೇ ಲೈನ್ ಕೆಟ್ಟ ಹೋಗೇದ್ರಿ. ಇಂಟರ್ನೆಟ್ ಮ್ಯಾಲೆ ನಡಿಯೋ ಫೋನ್ ಹಾಕಸೋಣ ಅಂತೀನಿ. ಮೂರು ಕಂಪನಿಯವರು ಕೊಟೇಶನ್ ಕೊಟ್ಟಾರ. ಯಾವುದು ಅಗ್ಗ ಅಂತ ತಿಳೀತು, ಯಾವುದು ಛಲೋ ಅಂತ ತಿಳೀವಲ್ದು."

"ನಾನು ಇತಿಹಾಸದ ಮೇಷ್ಟ್ರು ಮಾರಾಯ, ಇಂಜಿನಿಯರ್ ಅಲ್ಲ" ಎಂದೆ.

"ಅದಕ್ಕ ಬಂದೀನ್ರಿ. ಇಂಜಿನಿಯರ್ ಮಂದಿ ಎಲ್ಲಾ ತಮ್ಮ ಮಾಲು ಮಾರಾಕ ಬಂದವರ ಇದ್ದಾರ."

ಆತ ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಅಂಗಡಿಗೆ ಯಾವ ದೂರವಾಣಿ ಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ದೂರವಾಣಿಯ ಇತಿಹಾಸದ ಒಂದು ದೊಡ್ಡ ಅಧ್ಯಾಯವೇ ಒಬ್ಬ ಅಂಗಡಿಕಾರನ ಇಂಥ ಪ್ರಶ್ನೆಯಿಂದ ಹುಟ್ಟಿದೆ. ಆತನಿಗೆ ಹೇಳಿದ್ದನ್ನು ನಿಮಗೂ ಹೇಳಬೇಕೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶಕ್ಕೆ ದೂರವಾಣಿ ಬೇಗನೆ ಬಂತು. 1882ರ ಜನವರಿ 28ರಂದು ಕಲಕತ್ತಾ, ಮುಂಬಯಿ ಮತ್ತು ಮದ್ರಾಸುಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು. ಕಲಕತ್ತೆಯ ಕೇಂದ್ರಕ್ಕೆ ಮೊದಲಿಗೆ ಇದ್ದ ಚಂದಾದಾರರು ಕೇವಲ 93. ಕರೆ ಮಾಡುವವನು ಕೇಂದ್ರದಲ್ಲಿ ಕುಳಿತ ಆಪರೇಟರಿಗೆ ಯಾರು ಬೇಕೆಂದು ಹೇಳಬೇಕು. ಆಪರೇಟರು ಕೈಯಿಂದಲೇ ಎರಡು ತಂತಿಗಳನ್ನು ಜೋಡಿಸಬೇಕು. ಇಬ್ಬರ ಮಾತಿನ ನಡುವೆ ಮೂರನೆಯವನೊಬ್ಬ ಸದಾ ಇದ್ದೇ ಇರುತ್ತಿದ್ದ.

ಈ ಮೂರನೆಯವನ ಮೇಲೆ ಸಿಟ್ಟಿಗೆದ್ದವನು ಅಮೆರಿಕದ ಕ್ಯಾನ್ಸಸ್ ಸಿಟಿಯ ಆಲ್ಮನ್ ಸ್ಟ್ರೌಜರ್. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ವೃತ್ತಿ. ತನಗೆ ಬರಬೇಕಾದ ಕರೆಗಳನ್ನು ಕೇಂದ್ರದ ಆಪರೇಟರು ಪ್ರತಿಸ್ಪರ್ಧಿಗೆ ಜೋಡಿಸುತ್ತಾಳೆ, ಏಕೆಂದರೆ ಅವಳು ಆ ಪ್ರತಿಸ್ಪರ್ಧಿಯ ಹೆಂಡತಿ ಎಂಬುದು ಅವನ ಗುಮಾನಿಯಾಗಿತ್ತೆಂದು ಕಥೆ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಅದರ ಫಲವಂತೂ ನಿಜ. 1891ರಲ್ಲಿ ಅವನಿಗೆ ಸ್ವಯಂಚಾಲಿತ ಸ್ವಿಚ್ಚಿನ ಹಕ್ಕುಪತ್ರ ದೊರೆಯಿತು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಅವನ ವಿಧಾನದ ಮೊದಲ ವಿನಿಮಯ ಕೇಂದ್ರ ಆರಂಭವಾಯಿತು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಅನೇಕ ನಗರಗಳು ಈ ಸ್ವಿಚ್ಚನ್ನೇ ನಂಬಿದವು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ ಕೂಡ ಸ್ಟ್ರೌಜರ್ ಯಂತ್ರಗಳನ್ನು ತಯಾರಿಸಿತು.

ಆದರೆ ನಡುವೆ ನಿಂತವರೆಲ್ಲ ಸ್ಟ್ರೌಜರನ ಆಪರೇಟರಿನಂಥವರಲ್ಲ. 1977ರ ಒಂದು ರಾತ್ರಿ ನಮ್ಮ ತಂದೆಯವರಿಗೆ ತೀವ್ರ ಎದೆನೋವು ಬಂತು. ನಮ್ಮ ಊರಿಗೆಲ್ಲ ಇದ್ದದ್ದು ಅಂಚೆ ಕಚೇರಿಯ ಒಂದೇ ದೂರವಾಣಿ. ಪೋಸ್ಟ್ ಮಾಸ್ತರರನ್ನು ಎಬ್ಬಿಸಿ, ಧಾರವಾಡದಲ್ಲಿ ವೈದ್ಯರಾಗಿದ್ದ ನಮ್ಮ ಸೋದರಮಾವನಿಗೆ 'ಅರ್ಜೆಂಟ್' ಟ್ರಂಕ್ ಕರೆ ನೋಂದಾಯಿಸಿ ಕಾದು ಕುಳಿತೆ. ಎರಡು ತಾಸಿನ ಮೇಲೆ ಲೈನು ಸಿಕ್ಕಿತು. ಮಾವನ ಮನೆಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು, ಎತ್ತುವವರಿಲ್ಲ. ನನ್ನ ದನಿ ನಡುಗುತ್ತಿದ್ದುದು ಆ ಕಡೆಯ ಆಪರೇಟರಿಗೆ ಕೇಳಿಸಿರಬೇಕು. "ಏನಾಗೇದರೀ?" ಎಂದು ಆಕೆ ಕೇಳಿದರು. ಹೇಳಿದೆ. "ಲೈನ್ ಬಿಡಬ್ಯಾಡ್ರಿ" ಎಂದವರು ಆಸ್ಪತ್ರೆಗೆ ಜೋಡಿಸಿದರು. ಅಲ್ಲಿಯೂ ಮಾವ ಇರಲಿಲ್ಲ. ಅಲ್ಲಿಂದ ಯಾರದೋ ಮದುವೆ ಮನೆಯ ಪಕ್ಕದ ಅಂಗಡಿಗೆ ಕರೆ ಹೋಗಿ, ಕಡೆಗೆ ಮಾವ ಮಾತಿಗೆ ಸಿಕ್ಕರು. ಬೆಳಕು ಹರಿಯುವ ಮೊದಲೇ ಜೀಪು ನಮ್ಮ ಬಾಗಿಲಿಗೆ ಬಂತು. ತಂದೆಯವರು ಆ ಮೇಲೆ ಹನ್ನೊಂದು ವರ್ಷ ಬದುಕಿದ್ದರು. ಆ ಹೆಣ್ಣುಮಗಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಕೃತಜ್ಞತೆ ಹೇಳಲು ಒಂದು ವಿಳಾಸವೂ ಇರಲಿಲ್ಲ.

1980ರ ದಶಕದಲ್ಲಿ ಚಿತ್ರ ಬದಲಾಯಿತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕ ಶಕ್ತಿ. ನಮ್ಮ ಹಳ್ಳಿಗಳ ಧೂಳು, ಸೆಕೆಗಳನ್ನು ತಡೆದುಕೊಂಡು ಹವಾನಿಯಂತ್ರಣದ ಹಂಗಿಲ್ಲದೆ ನಡೆಯುವ ಸಣ್ಣ ವಿನಿಮಯ ಕೇಂದ್ರವನ್ನು ಆ ಸಂಸ್ಥೆಯ ತರುಣ ಇಂಜಿನಿಯರುಗಳು ರೂಪಿಸಿದರು. 128 ಪೋರ್ಟುಗಳ ಆ ಗ್ರಾಮೀಣ ಕೇಂದ್ರ ದೇಶದಲ್ಲಿಯೇ ಮೊದಲು ಸ್ಥಾಪನೆಯಾದದ್ದು ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಚೆನ್ನಮ್ಮನ ಪಾಠ ಮಾಡುವಾಗಲೆಲ್ಲ ಇದನ್ನೂ ಸೇರಿಸಿ ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅನಂತರ ಊರೂರಿಗೆ ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು ಬಂದವು.

ಈ ಬದಲಾವಣೆಗಳ ನಡುವೆ ಒಂದು ಸಂಗತಿಯನ್ನು ಗಮನಿಸಿ. ಮನೆಯ ತಾಮ್ರದ ತಂತಿಯ ಫೋನಿಗೆ ಬೇಕಾದ ವಿದ್ಯುತ್ತು ಮನೆಯಿಂದ ಬರುತ್ತಿರಲಿಲ್ಲ. ವಿನಿಮಯ ಕೇಂದ್ರದ ದೊಡ್ಡ ಬ್ಯಾಟರಿಗಳಿಂದ, ಸುಮಾರು 48 ವೋಲ್ಟುಗಳಲ್ಲಿ, ಅದೇ ತಂತಿಯ ಮೂಲಕ ಬರುತ್ತಿತ್ತು. ಆದುದರಿಂದಲೇ ಊರಿಗೆ ಊರೇ ಕತ್ತಲಾದಾಗಲೂ ಫೋನು ಜೀವಂತವಾಗಿರುತ್ತಿತ್ತು. ಇದನ್ನು ನಾವು ಎಂದೂ ಯೋಚಿಸಿದವರಲ್ಲ.

ಇನ್ನು ಅಂತರಜಾಲದ ದೂರವಾಣಿಗೆ ಬರೋಣ. ಮಾತನ್ನು ಚೂರುಚೂರು ಮಾಡಿ ಗಣಕಗಳ ಜಾಲದ ಮೂಲಕ ಕಳಿಸುವ ಪ್ರಯೋಗ 1974ರಲ್ಲಿಯೇ, ಅಮೆರಿಕದ ಅರ್ಪಾನೆಟ್ ಜಾಲದಲ್ಲಿ, ಕ್ಯಾಲಿಫೋರ್ನಿಯಾ ಮತ್ತು ಮ್ಯಾಸಚೂಸೆಟ್ಸ್‌ಗಳ ನಡುವೆ ನಡೆದಿತ್ತು. ಡ್ಯಾನಿ ಕೋಹೆನ್ ಅದರ ಪ್ರಮುಖರಲ್ಲೊಬ್ಬರು. ಜನಸಾಮಾನ್ಯರ ಕೈಗೆ ಅದು ಬಂದದ್ದು 1995ರಲ್ಲಿ, ಇಸ್ರೇಲಿನ ವೋಕಲ್‌ಟೆಕ್ ಕಂಪನಿಯ ತಂತ್ರಾಂಶದ ರೂಪದಲ್ಲಿ. ಅದೇ ವರ್ಷ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಆದರೆ ಅದರಲ್ಲಿ ಮಾತನಾಡಲು ಸರಕಾರದ ಅನುಮತಿ ಇರಲಿಲ್ಲ. 2002ರ ಏಪ್ರಿಲ್ 1ರಿಂದ ಅರ್ಧ ಬಾಗಿಲು ತೆರೆಯಿತು: ಗಣಕದಿಂದ ಗಣಕಕ್ಕೆ, ಗಣಕದಿಂದ ವಿದೇಶದ ಫೋನಿಗೆ ಮಾತನಾಡಬಹುದು, ಗಣಕದಿಂದ ದೇಶದೊಳಗಿನ ಫೋನಿಗೆ ಮಾತ್ರ ಕೂಡದು. ಬೆಂಗಳೂರಿನ ಕಾಲ್ ಸೆಂಟರುಗಳು ಅಂತರಜಾಲದ ಕರೆಯನ್ನೂ ಸಾಮಾನ್ಯ ಕರೆಯನ್ನೂ ಬೆರೆಸದಂತೆ ಬಹುಕಾಲ ಕಟ್ಟುನಿಟ್ಟು ಪಾಲಿಸಬೇಕಾಯಿತು. 2018ರಲ್ಲಿ ಪರವಾನಗಿ ಪಡೆದ ಕಂಪನಿಗಳಿಗೆ ಅಂತರಜಾಲದ ದೂರವಾಣಿಯ ದಾರಿ ಸ್ಪಷ್ಟವಾಯಿತು. 2020 ಮತ್ತು 2021ರಲ್ಲಿ ಕಾಲ್ ಸೆಂಟರುಗಳ ನಿಯಮಗಳೂ ಸಡಿಲಗೊಂಡವು.

ಇಲ್ಲಿಯೂ ಒಬ್ಬ ಅಂಗಡಿಕಾರನ ಕಥೆ ಇದೆ. 1999ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ಗಣಕಗಳ ನೆರವಿನ ಸಣ್ಣ ಕಂಪನಿ ನಡೆಸುತ್ತಿದ್ದ. ಕಚೇರಿಗೆ ಬೇಕಾದ ದೂರವಾಣಿ ವ್ಯವಸ್ಥೆಯನ್ನು ಕೊಳ್ಳಲು ಹಣವಿರಲಿಲ್ಲ. ತಾನೇ ಒಂದು ತಂತ್ರಾಂಶ ಬರೆದು, ಅದಕ್ಕೆ ಆಸ್ಟರಿಸ್ಕ್ ಎಂದು ಹೆಸರಿಟ್ಟು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟ. ಅಂದು ದುಬಾರಿ ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಸಾಧಾರಣ ಗಣಕವೊಂದು ಮಾಡತೊಡಗಿತು. ಸಣ್ಣ ಅಂಗಡಿಗಳಿಗೂ ಇಂಥ ವ್ಯವಸ್ಥೆ ಎಟುಕುವಂತಾದುದರಲ್ಲಿ ಅದರ ಪಾಲು ದೊಡ್ಡದು.

ಇದು ಕೆಲಸ ಮಾಡುವ ಬಗೆಯೂ ಸ್ವಾರಸ್ಯವಾಗಿದೆ. ನಮ್ಮ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳಾಗಿ ಮಾಡುತ್ತಾರೆ. ಆ ಅಂಕಿಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ಕಳಿಸುತ್ತಾರೆ. ವಿಳಾಸದ ಭಾರವೂ ಸೇರಿ ಒಂದು ಕರೆಗೆ ಒಂದೊಂದು ದಿಕ್ಕಿನಲ್ಲಿ ಸುಮಾರು 80 ಕಿಲೋಬಿಟ್ ಬೇಕು. ಹತ್ತು ಕರೆಗೆ 800. ಇಂದಿನ ಸಂಪರ್ಕಗಳಿಗೆ ಇದು ಏನೇನೂ ಅಲ್ಲ. ತೊಂದರೆ ಬರುವುದು ವೇಗದಿಂದಲ್ಲ, ತಡದಿಂದ. ಪೊಟ್ಟಣ ತಲುಪಲು ಸೆಕೆಂಡಿನ ಸಾವಿರದ 150 ಭಾಗಕ್ಕಿಂತ ಹೆಚ್ಚು ತಡವಾದರೆ ಮಾತಿನ ಮೇಲೆ ಮಾತು ಬೀಳತೊಡಗುತ್ತದೆ; ಒಂದು ಬೇಗ ಇನ್ನೊಂದು ತಡವಾಗಿ ಬಂದರೆ ದನಿ ಒಡೆಯುತ್ತದೆ.

ಹಾಗಾದರೆ ನಡುವೆ ನಿಂತವರು ಹೋದರೇ? ಇಲ್ಲ, ಹೆಚ್ಚಾದರು. ವಿದ್ಯುತ್ ಕಂಪನಿ, ಅಂತರಜಾಲ ಕೊಡುವವರು, ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆ, ಎಲ್ಲೋ ದೂರದ ಗಣಕ, ನಂಬರಿನ ಹಕ್ಕುಳ್ಳ ಕಂಪನಿ. ಇವರಲ್ಲಿ ಯಾರೊಬ್ಬರು ಕೈಬಿಟ್ಟರೂ ಫೋನು ಮೂಕವಾಗುತ್ತದೆ. ಇದರ ಪೆಟ್ಟು ಬೇರೆಯವರೂ ತಿಂದಿದ್ದಾರೆ. ಅಂತರಜಾಲದ ಫೋನಿನಿಂದ 911 ತುರ್ತು ಕರೆ ಸರಿಯಾಗಿ ತಲುಪದ ಪ್ರಸಂಗಗಳ ಅನಂತರ, ಅಮೆರಿಕದ ಸಂಪರ್ಕ ಆಯೋಗ 2005ರಲ್ಲಿ ಅದನ್ನು ತಲುಪಿಸಲೇಬೇಕೆಂದು ಕಂಪನಿಗಳಿಗೆ ಆದೇಶಿಸಿತು. ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ನಿಲ್ಲಿಸಬೇಕೆಂದಿದ್ದವರು ಅದನ್ನು 2027ರ ಜನವರಿಗೆ ಮುಂದೂಡಿದರು. ಒಂಟಿಯಾಗಿರುವ ವೃದ್ಧರು ಆಪತ್ತಿನಲ್ಲಿ ಒತ್ತುವ ಗುಂಡಿಗಳು ಆ ಜಾಲವನ್ನೇ ನಂಬಿದ್ದುದು ಅದಕ್ಕೆ ಮುಖ್ಯ ಕಾರಣ.

ನನ್ನ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೆ. "ಮೂರು ಕಾಗದದಲ್ಲಿ ದರ ನೋಡುವ ಮೊದಲು ಐದು ಪ್ರಶ್ನೆ ಕೇಳು. ಕರೆಂಟು ಹೋದರೆ ಏನಾಗುತ್ತದೆ? ಅಂತರಜಾಲ ಹೋದರೆ ಕರೆ ಎಲ್ಲಿಗೆ ಹೋಗುತ್ತದೆ? ನಾಳೆ ಕಂಪನಿ ಬಿಟ್ಟರೆ ನಿನ್ನ ನಂಬರು ನಿನ್ನ ಜೊತೆ ಬರುತ್ತದೆಯೆ? ನಂಬರು ಕೊಡುವವರಿಗೆ ಸರಕಾರದ ಪರವಾನಗಿ ಇದೆಯೆ? ರಾತ್ರಿ ಯಾರಾದರೂ ನಿನ್ನ ಗುಪ್ತಪದ ಕದ್ದು ವಿದೇಶಕ್ಕೆ ಕರೆ ಮಾಡಿದರೆ ಆ ಬಿಲ್ಲಿಗೆ ಮಿತಿ ಇದೆಯೆ?"

ಅಗ್ಗದ ಕೊಟೇಶನ್ ಕೊಟ್ಟವರು ಎರಡನೆಯ ಪ್ರಶ್ನೆಗೆ, "ಕರೆ ತಾನಾಗಿಯೇ ಮೊಬೈಲಿಗೆ ಹೋಗುತ್ತದೆ" ಎಂದರಂತೆ. ನಾನು, "ಕೊಳ್ಳುವ ಮೊದಲು ನಿನ್ನ ಕೈಯಿಂದಲೇ ಮೇನ್ ಸ್ವಿಚ್ಚು ತೆಗೆದು ನೋಡು" ಎಂದೆ. ಪ್ರಯೋಗಕ್ಕೆಂದು ಜೋಡಿಸಿಕೊಟ್ಟಿದ್ದ ಫೋನಿನ ಮೇಲೆ ಒಂದು ಮಳೆಯ ಸಂಜೆ ಆತ ಹಾಗೆಯೇ ಮಾಡಿದ. ಗಣಕಕ್ಕೆ ಯು.ಪಿ.ಎಸ್. ಇತ್ತು, ಫೈಬರ್ ತಂತಿಯ ತುದಿಯ ಸಣ್ಣ ಪೆಟ್ಟಿಗೆಗೆ ಇರಲಿಲ್ಲ. ಅದು ಆರಿತು, ಫೋನು ಸತ್ತಿತು. ಕರೆ ಮೊಬೈಲಿಗೂ ಹೋಗಲಿಲ್ಲ. ಕರೆಯನ್ನು ತಿರುಗಿಸುವ ಸೂಚನೆ ಇದ್ದದ್ದು ಅಂಗಡಿಯೊಳಗಿನ ಯಂತ್ರದಲ್ಲಿಯೇ! ಹೊರಗಿನ ಲೋಕದೊಂದಿಗೆ ಸಂಪರ್ಕ ಕಡಿದ ಮೇಲೆ ಅದು ಯಾವ ಕರೆಯನ್ನು ತಿರುಗಿಸೀತು? ಆ ಸೂಚನೆ ಇರಬೇಕಾದದ್ದು ನಂಬರು ಕೊಡುವ ಕಂಪನಿಯ ಕಡೆಯಲ್ಲಿ. ಆ ಸಂಜೆ ಯಾರ ಮನೆಯಲ್ಲಾದರೂ ಸಿಲಿಂಡರು ಮುಗಿಯುತ್ತಿದ್ದರೆ ಎಂದು ಆತ ನನಗೆ ಹೇಳುವಾಗ ಆತನ ಮುಖ ಬಾಡಿತ್ತು.

ಕಡೆಗೆ ಆತ ಆರಿಸಿಕೊಂಡದ್ದು ಮೂರರಲ್ಲಿ ಮಧ್ಯದ ದರದ್ದು. ಸಣ್ಣ ಪೆಟ್ಟಿಗೆಗೂ ಬ್ಯಾಟರಿ ಕೊಡಿಸಿದ. ಕರೆ ತಿರುಗಿಸುವ ಸೂಚನೆಯನ್ನು ಕಂಪನಿಯ ಕಡೆಯಲ್ಲಿಯೇ ಇರಿಸಿದ. ಬೇರೆ ಕಂಪನಿಯ ಸಿಮ್ ಹಾಕಿದ ಗುಂಡಿಯ ಮೊಬೈಲೊಂದನ್ನು ಕೊಂಡು, ಅದರ ನಂಬರನ್ನು ಪ್ರತಿ ಸಿಲಿಂಡರಿನ ಮೇಲೂ ಬರೆಸಿದ.

ಎಲ್ಲ ಮುಗಿದ ಮೇಲೆ ನಾನು ಇನ್ನೊಂದು ಮಾತು ಕೇಳಿದೆ: "ಕರೆ ಬಂದಾಗ ಮೊದಲು ಯಾರು ಮಾತಾಡುತ್ತಾರೆ?" ಯಂತ್ರವಂತೆ. ಬಾಡಿಗೆಗೆ ಒಂದು ಒತ್ತಿ, ಬಿಲ್ಲಿಗೆ ಎರಡು ಒತ್ತಿ. ನಾನು ಆತನಿಗೆ 1977ರ ರಾತ್ರಿಯ ಕಥೆ ಹೇಳಿದೆ. ಸುಮ್ಮನೆ ಕೇಳಿದ. "ರಾತ್ರಿ ಒಂಬತ್ತರ ಮ್ಯಾಲೆ ಯಂತ್ರ ಬ್ಯಾಡ್ರಿ ಸರ್, ಮನಷ್ಯಾನ ಎತ್ತತಾನ" ಎಂದ.

ಹಾಗೆಯೇ ಮಾಡಿದ್ದಾನೆ. ಮೊನ್ನೆ ರಾತ್ರಿ ಹತ್ತೂವರೆಗೆ ಪರೀಕ್ಷಿಸಲೆಂದೇ ಕರೆ ಮಾಡಿದೆ. ಎರಡನೆಯ ಗಂಟೆಗೆ ಒಬ್ಬ ಹುಡುಗ ಎತ್ತಿ, "ಹೇಳ್ರಿ, ಏನಾಗೇದ?" ಎಂದ. ಅದೇ ಮಾತು. ಒಂದು ಕ್ಷಣ ನನಗೆ ಉತ್ತರ ಹೊಳೆಯಲಿಲ್ಲ.

ಉದ್ಯೋಗ, ವ್ಯಾಪಾರಗಳಲ್ಲಿರುವ ನನ್ನ ಇತರ ವಿದ್ಯಾರ್ಥಿಗಳೂ ಬಂಧುಗಳೂ ಹೊಸ ಫೋನು ಹಾಕಿಸುವಾಗ ಈ ಮುದುಕನ ಮಾತನ್ನು ಒಮ್ಮೆ ನೆನೆಯಿರಿ. ಮೇನ್ ಸ್ವಿಚ್ಚನ್ನು ಒಮ್ಮೆ ತೆಗೆದು ನೋಡಿರಿ.