ಗುಡ್ಡದ ಹಟ್ಟಿ ಮತ್ತು ಹೆದ್ದಾರಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮುಖ್ಯ ಶಿಕ್ಷಕರು ಫೋನ್ ಮಾಡಿದಾಗ ನಾನು ಬೆಂಗಳೂರಿನಿಂದ ಊರಿಗೆ ಬರುತ್ತಾ ಕರಜೀವನಹಳ್ಳಿ ಟೋಲಿನ ಸಾಲಿನಲ್ಲಿ ನಿಂತಿದ್ದೆ. "ಶಾಲೆಯ ದಿನಗಳ ನೆನಪು ಬರೆಯಿರಿ, ಇಲ್ಲವೇ ನಿಮ್ಮ ಸಾಫ್ಟ್‌ವೇರ್ ಕ್ಷೇತ್ರದ ಬಗ್ಗೆ ಬರೆಯಿರಿ" ಎಂದರು. ನೆನಪುಗಳನ್ನು ನನ್ನ ಸಹಪಾಠಿಗಳು ನನಗಿಂತ ಚೆನ್ನಾಗಿ ಬರೆದಿರುತ್ತಾರೆ. ಸಾಫ್ಟ್‌ವೇರ್ ಬಗ್ಗೆ ಬರೆದರೆ ಓದುವವರಿಗೆ ನಿದ್ದೆ ಬರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ನಾನು ನಿಂತಿದ್ದ ರಸ್ತೆಯ ಬಗ್ಗೆಯೇ ಬರೆಯುತ್ತೇನೆ ಎಂದೆ. ನಮ್ಮ ಶಾಲೆಗೆ ಗುಡ್ಡದ ಹಟ್ಟಿಯಿಂದ ನಡೆದು ಬರುತ್ತಿದ್ದವರಿಗೆಲ್ಲ ಆ ರಸ್ತೆ ಗೊತ್ತು. ನಾವು ಅದನ್ನು ದಿನಕ್ಕೆ ಎರಡು ಸಲ ದಾಟುತ್ತಿದ್ದೆವು.

ನಮ್ಮ ಶಾಲೆ ಸೇರಿರುವುದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ನಕ್ಷೆಯನ್ನು ಹರಡಿಕೊಂಡು ಕೂತರೆ ಒಂದು ಸಂಗತಿ ಕಾಣುತ್ತದೆ. ಹಳೆಯ ಊರುಗಳೆಲ್ಲ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿವೆ. ಮಧುಗಿರಿ ತನ್ನ ಏಕಶಿಲಾ ಬೆಟ್ಟದ ಬುಡದಲ್ಲಿದೆ, ಪಾವಗಡ ಕೋಟೆ ಬೆಟ್ಟದ ಬುಡದಲ್ಲಿದೆ. ಚನ್ನರಾಯನದುರ್ಗ, ಮಿಡಿಗೇಶಿ ಕೂಡ ಹಾಗೆಯೇ. ದಂಡು ಬಂದರೆ ಮೇಲೆ ಹತ್ತಿ ಕೋಟೆ ಸೇರಬಹುದು ಎಂಬುದು ಒಂದು ಕಾರಣ. ಇನ್ನೊಂದು ನೀರು. ಬರಿ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದು ಬಂದು ಬುಡದ ಕೆರೆ ತುಂಬುತ್ತದೆ. ನಮ್ಮಂಥ ಕಡಿಮೆ ಮಳೆಯ ಸೀಮೆಯಲ್ಲಿ ಬೆಟ್ಟವೆಂದರೆ ನೀರು ಹಿಡಿದು ಕೊಡುವ ಮಾಡು. ನಮ್ಮ ಹಟ್ಟಿಯೂ ಒಂದು ಸಣ್ಣ ಗುಡ್ಡದ ಬುಡದಲ್ಲಿದ್ದುದು ಇದೇ ಲೆಕ್ಕದಲ್ಲಿ. ಕೋಟೆ ಮಾತ್ರ ಇರಲಿಲ್ಲ.

ಇದಕ್ಕೆ ಹೊರತಾದ ಊರು ಶಿರಾ. ಅದನ್ನು ದೊಡ್ಡದು ಮಾಡಿದ್ದು ಬೆಟ್ಟವಲ್ಲ, ದಾರಿ. ಸಮಾಜ ವಿಜ್ಞಾನದ ಮೇಷ್ಟ್ರು ಒಂಬತ್ತನೇ ತರಗತಿಯಲ್ಲಿ ನಮ್ಮನ್ನು ಮಲ್ಲಿಕ್ ರಿಹಾನ್ ಗೋರಿಯ ಹತ್ತಿರ ಕರೆದುಕೊಂಡು ಹೋಗಿ ಅಲ್ಲೇ ನೆರಳಲ್ಲಿ ಕೂರಿಸಿ ಪಾಠ ಮಾಡಿದ್ದರು. 1687ರಲ್ಲಿ ಮೊಗಲರು ಈ ಸೀಮೆಯನ್ನು ಗೆದ್ದ ಮೇಲೆ ಶಿರಾ ಒಂದು ಸುಬಾದ ರಾಜಧಾನಿಯಾಯಿತು. ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರದವರೆಗಿನ ಪರಗಣೆಗಳ ಕಂದಾಯ ಇಲ್ಲಿಗೆ ಬರುತ್ತಿತ್ತು. ದಿಲಾವರ್ ಖಾನನ ಕಾಲದಲ್ಲಿ ಊರಿನಲ್ಲಿ 50,000 ಮನೆಗಳಿದ್ದವೆಂದು ಪ್ರತೀತಿ. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಖಾನ್ ಬಾಗ್ ಮಾದರಿ ಎಂದು ಮೇಷ್ಟ್ರು ಹೇಳಿದಾಗ ನಾವು ನಂಬಿರಲಿಲ್ಲ. ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಅದೇ ಮಾತು ಇರುವುದನ್ನು ಮುಂದೆ ನೋಡಿದೆ. ಆಮೇಲೆ ಮರಾಠರು ಬಂದರು, 1761ರಲ್ಲಿ ಹೈದರ್ ಬಂದ. ಟಿಪ್ಪುವಿನ ಕಾಲದಲ್ಲಿ 12,000 ಕುಟುಂಬಗಳನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಸಾಗಿಸಲಾಯಿತು ಎಂದೂ ಅದೇ ಗೆಜೆಟಿಯರ್ ಹೇಳುತ್ತದೆ. ಅಷ್ಟು ಜನ ನಡೆದು ಹೋದದ್ದೂ ದಾರಿಯ ಮೇಲೆಯೇ ಅಲ್ಲವೇ.

ಆಗಿನ ದಾರಿ ಎಂದರೆ ಹೇರೆತ್ತಿನ ದಾರಿ. ತುಮಕೂರಿನಿಂದ ಶಿರಾಕ್ಕೆ ಬರುವಾಗ ಸಿಗುವ ಸೀಬಿ ನರಸಿಂಹಸ್ವಾಮಿಯ ಸ್ಥಳಪುರಾಣವೇ ಇದಕ್ಕೆ ಸಾಕ್ಷಿ. ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಹೋಗುತ್ತಿದ್ದ ವ್ಯಾಪಾರಿಯೊಬ್ಬ ಅಲ್ಲಿ ತಂಗಿ, ಬಂಡೆಯ ಮೇಲೆ ಮಡಕೆಯಿಟ್ಟು ಕಾಳು ಬೇಯಿಸಿದನಂತೆ. ಕಾಳು ರಕ್ತದ ಬಣ್ಣಕ್ಕೆ ತಿರುಗಿತಂತೆ. ದೇವರು ಪ್ರಕಟವಾದ ಕಥೆ ಹುಟ್ಟಿದ್ದು ಒಬ್ಬ ದಾರಿಹೋಕನ ಒಲೆಯಿಂದ. ನಿಲ್ಲುವ ದಾರಿಯಲ್ಲಿ ಮಾತ್ರ ಇಂಥ ಕಥೆ ಹುಟ್ಟುತ್ತದೆ.

ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಗಾಡಿ ಓಡುವಂಥ ರಸ್ತೆಗಳಾದವು. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ, ಎರಡು ಸಾವಿರದಷ್ಟು ಮೋರಿ. ಈ ಮೋರಿಗಳ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. 1868ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಸೇತುವೆಯಾದ ಮೇಲೆ ಬೆಂಗಳೂರು–ಧಾರವಾಡದ ದೊಡ್ಡ ರಸ್ತೆ ತುಮಕೂರು, ಶಿರಾ, ಚಿತ್ರದುರ್ಗದ ಮೇಲೆ ತಡೆಯಿಲ್ಲದೆ ಸಾಗಿತು. ಆದರೆ 1884ರಲ್ಲಿ ತುಮಕೂರಿಗೆ ಬಂದ ರೈಲು ಶಿರಾದ ಕಡೆ ತಿರುಗಲಿಲ್ಲ. ತಿಪಟೂರು, ಅರಸೀಕೆರೆ ಎಂದು ಪಶ್ಚಿಮಕ್ಕೆ ಹೋಯಿತು. ಕೊಬ್ಬರಿ ಸೀಮೆಗೆ ರೈಲು ಸಿಕ್ಕಿತು, ಕಡಲೆಕಾಯಿ ಸೀಮೆಗೆ ಗಾಡಿ ಉಳಿಯಿತು. ನಾನು ಹೈಸ್ಕೂಲು ಮುಗಿಸುವವರೆಗೂ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ ಒಂದು ರೈಲು ನಿಲ್ದಾಣವಿರಲಿಲ್ಲ. ಹಾಗಾಗಿ ನಮಗೆ ಎಲ್ಲವೂ ರಸ್ತೆಯೇ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ಸಾರಿಗೆ ಶುರುವಾಯಿತು. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆ ಮರುವರ್ಷ ಜಾರಿಗೆ ಬಂದು, ಮುಂಬಯಿ ಕಡೆಯಿಂದ ಪುಣೆ, ಬೆಳಗಾವಿ, ಬೆಂಗಳೂರಿನ ಮೂಲಕ ಮದ್ರಾಸಿಗೆ ಹೋಗುವ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 4 ಎಂಬ ಹೆಸರಾಯಿತು. ಹೆಸರು ಬದಲಾದರೂ ರಸ್ತೆಯ ಗುಣ ಬದಲಾಗಲಿಲ್ಲ. ಅದು ಊರೊಳಗೇ ಬರುತ್ತಿತ್ತು. ಹುಬ್ಬಳ್ಳಿ, ದಾವಣಗೆರೆಯ ಲಾರಿಗಳು ಶಿರಾ ಪೇಟೆಯ ಮಧ್ಯೆ ಹಾದು ಹೋಗುತ್ತಿದ್ದವು. ಇಕ್ಕೆಲದಲ್ಲೂ ಹುಣಸೆ, ಹೊಂಗೆ, ಬೇವು, ಆಲದ ಸಾಲುಮರಗಳು. ಹುಣಸೆ ಮರಗಳ ಕಾಂಡದ ಮೇಲೆ ಲೋಕೋಪಯೋಗಿ ಇಲಾಖೆಯವರು ನಂಬರು ಬರೆದು ಪ್ರತಿವರ್ಷ ಫಸಲು ಹರಾಜು ಹಾಕುತ್ತಿದ್ದರು. ಹರಾಜು ಹಿಡಿದವನ ಕಣ್ತಪ್ಪಿಸಿ ಹಣ್ಣು ಉದುರಿಸುವುದು ನಮ್ಮ ಶಾಲೆಯ ಪಠ್ಯೇತರ ಚಟುವಟಿಕೆಗಳಲ್ಲಿ ಮುಖ್ಯವಾದುದು.

ತಾತನ ಹೋಟೆಲು ಇದ್ದದ್ದು ಅಂಥ ಎರಡು ಹುಣಸೆ ಮರಗಳ ಕೆಳಗೆ, ಹಟ್ಟಿಯ ದಾರಿ ಹೆದ್ದಾರಿಗೆ ಕೂಡುವ ಕಡೆ. ಹೋಟೆಲು ಎಂದರೆ ತೆಂಗಿನ ಗರಿಯ ಚಪ್ಪರ, ಎರಡು ಬೆಂಚು, ಒಂದು ಸೀಮೆಎಣ್ಣೆ ಸ್ಟೌವು. ಬೆಳಿಗ್ಗೆ ಚಿತ್ರಾನ್ನ, ಸಂಜೆ ಮೆಣಸಿನಕಾಯಿ ಬೋಂಡ, ಕೇಳಿದವರಿಗೆ ಮುದ್ದೆ ಉಪ್ಸಾರು. ಲಾರಿ ಡ್ರೈವರುಗಳು ತಾತನಿಗೆ ಬೆಳಗಾವಿಯ ಮಳೆಯ ಸುದ್ದಿ ಹೇಳುತ್ತಿದ್ದರು. ತಾತ ಒಮ್ಮೆಯೂ ದಾವಣಗೆರೆ ದಾಟಿದವನಲ್ಲ, ಆದರೆ ಪುಣೆಯಲ್ಲಿ ಈರುಳ್ಳಿ ಬೆಲೆ ಎಷ್ಟೆಂದು ಅವನಿಗೆ ಗೊತ್ತಿರುತ್ತಿತ್ತು.

1999ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಅವರು ಸುವರ್ಣ ಚತುಷ್ಪಥ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಾಗಳನ್ನು ಜೋಡಿಸುವ 5,846 ಕಿ.ಮೀ. ಅದರ ಮುಂಬಯಿ–ಚೆನ್ನೈ ಭುಜದ ಮೇಲೆ ನಮ್ಮ ಶಾಲೆ, ನಮ್ಮ ಹಟ್ಟಿ, ತಾತನ ಹೋಟೆಲು ಮೂರೂ ಬಿದ್ದವು. ಹಳೆಯ ರಸ್ತೆಯ ಡಾಂಬರು ಏಳು ಮೀಟರ್ ಅಗಲ. ಹೊಸದಕ್ಕೆ ಬೇಕಾದ ಜಾಗ 60 ಮೀಟರ್. ಉಳಿದದ್ದು ಯಾರದಾದರೂ ಹೊಲದಿಂದಲೇ ಬರಬೇಕು.

ಕಾಯಿದೆಯ ಪ್ರಕಾರ ಸ್ವಾಧೀನವಾಗುವ ಜಮೀನಿನ ವಿವರವನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ 21 ದಿನ ಕೊಡಬೇಕು. ನಮ್ಮ ಹಟ್ಟಿಗೆ ಪತ್ರಿಕೆ ಬರುತ್ತಿರಲಿಲ್ಲ. ಶಾಲೆಗೆ ಬರುತ್ತಿತ್ತು. ಸರ್ವೆ ನಂಬರುಗಳ ಆ ಉದ್ದನೆಯ ಪಟ್ಟಿಯಲ್ಲಿ ನಮ್ಮ ಹೊಲದ ನಂಬರನ್ನು ನೋಡಿದವರು ನಮ್ಮ ಮೇಷ್ಟ್ರು. ನನ್ನನ್ನು ಸ್ಟಾಫ್ ರೂಮಿಗೆ ಕರೆದು, "ಮನೇಲಿ ಪಹಣಿ ತರೋಕೆ ಹೇಳಪ್ಪ" ಎಂದರು. ಒಂದು ಎಕರೆಗೆ ಮೇಲೆ ಸ್ವಲ್ಪ ಹೋಯಿತು. ಹೊಲ ಹೋದದ್ದಕ್ಕೆ ಅಪ್ಪನಿಗೆ ಪರಿಹಾರ ಬಂತು. ತಾತನ ಹೋಟೆಲು ಸರ್ಕಾರದ ರಸ್ತೆ ಅಂಚಿನಲ್ಲಿದ್ದದ್ದು, ಅದಕ್ಕೆ ಪತ್ರವಿರಲಿಲ್ಲ, ಪರಿಹಾರವೂ ಬರಲಿಲ್ಲ. ನಲವತ್ತು ವರ್ಷದ ಒಲೆಯನ್ನು ಒಂದು ಬೆಳಿಗ್ಗೆ ಜೆಸಿಬಿ ಎತ್ತಿತು. ಹುಣಸೆ ಮರಗಳೂ ಅದೇ ವಾರ ಉರುಳಿದವು. ನಂಬರು ಬರೆದಿದ್ದ ಕಾಂಡಗಳು ಲಾರಿ ಹತ್ತುವುದನ್ನು ನಾವು ಶಾಲೆಯ ಕಿಟಕಿಯಿಂದ ಎಣಿಸಿದೆವು.

ರಸ್ತೆಗೆ ಜಲ್ಲಿ ಬೇಕು. ಜಲ್ಲಿಗೆ ಕಲ್ಲು, ಕಲ್ಲಿಗೆ ಗುಡ್ಡ. ನಮ್ಮ ಗುಡ್ಡದ ಬಡಗಣ ಮಗ್ಗುಲಿಗೆ ಕ್ರಷರ್ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಸಿಡಿತ. ಮೊದಲು ಸೀಟಿ, ಆಮೇಲೆ ನೆಲ ನಡುಗುವುದು, ಆಮೇಲೆ ಹಂಚಿನ ಮೇಲೆ ಧೂಳು. ಮೇಕೆ ಮೇಯಿಸುವವರು ಹತ್ತುತ್ತಿದ್ದ ಕಾಲುದಾರಿ ಅರ್ಧಕ್ಕೇ ತುಂಡಾಗಿ ಕೆಳಗೆ ಹೊಂಡವಾಯಿತು. ಹೀಗೆ ಗುಡ್ಡದ ಒಂದು ಪಾಲು ಅದರ ಬುಡದಲ್ಲೇ ರಸ್ತೆಯಾಗಿ ಮಲಗಿತು. ನಾನು ಈಗಲೂ ಆ ಕಡೆ ಕಾರು ಓಡಿಸುವಾಗ ನಮ್ಮ ಗುಡ್ಡದ ಮೇಲೆಯೇ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಇದು ಬರಿ ಮಾತಿನ ಚಮತ್ಕಾರವಲ್ಲ, ಲೆಕ್ಕದ ಪ್ರಕಾರವೂ ನಿಜ.

ಆದರೆ ಹೆಚ್ಚು ಪೆಟ್ಟು ಕೊಟ್ಟದ್ದು ಕ್ರಷರ್ ಅಲ್ಲ, ರಸ್ತೆಯ ಎತ್ತರ. ಹಳೆಯ ರಸ್ತೆ ನೆಲದ ಮಟ್ಟದಲ್ಲೇ ಏರಿ ಇಳಿಯುತ್ತಿತ್ತು. ಹಳ್ಳ ಬಂದಲ್ಲೆಲ್ಲ ಒಂದು ಕಲ್ಲು ಮೋರಿ. ಕಬ್ಬನ್ ಕಾಲದ ಆ ಎರಡು ಸಾವಿರ ಮೋರಿಗಳನ್ನು ಕಟ್ಟಿದವರಿಗೆ ಗುಡ್ಡದ ನೀರು ಎಲ್ಲಿ ದಾಟುತ್ತದೆ ಎಂದು ನೋಡಿ ಕಟ್ಟುವ ವ್ಯವಧಾನವಿತ್ತು ಅಂತ ಕಾಣುತ್ತದೆ. ವೇಗದ ರಸ್ತೆಗೆ ಏರಿಳಿತ ಸಲ್ಲದು. ಹಾಗಾಗಿ ಮಣ್ಣು ತುಂಬಿ ಏರಿ ಕಟ್ಟಿದರು. ಹೊಸ ಮೋರಿಗಳನ್ನು ಇಟ್ಟರು, ಇಡಲಿಲ್ಲ ಎನ್ನಲಾರೆ. ಆದರೆ ಸಣ್ಣಪುಟ್ಟ ಮೂರು ನಾಲ್ಕು ಹಳ್ಳಗಳ ನೀರನ್ನು ಒಂದೇ ಮೋರಿಗೆ ತಿರುಗಿಸಿದರು. ಗುಡ್ಡದ ಕಡೆ ನೀರು ನಿಂತು ಹೊಲ ಜೌಗಾಯಿತು, ಕೆರೆಯ ಕಡೆ ನೀರು ತಡವಾಗಿ, ಕಡಿಮೆಯಾಗಿ ಬಂತು. ಊರು ಗುಡ್ಡದ ಬುಡದಲ್ಲಿ ಕೂತದ್ದೇ ಆ ನೀರಿಗಾಗಿ. ಗುಡ್ಡಕ್ಕೂ ಕೆರೆಗೂ ನಡುವೆ ಈಗ ಒಂದು ಗೋಡೆ ಎದ್ದಿತ್ತು.

ಗೋಡೆ ಜನರಿಗೂ ಗೋಡೆಯೇ. ಹಟ್ಟಿ ಗುಡ್ಡದ ಕಡೆ. ಶಾಲೆ, ಕೆರೆ, ಬಸ್ ನಿಲ್ಲುವ ಜಾಗ, ಸ್ಮಶಾನ ಆ ಕಡೆ. ಅಂಡರ್‌ಪಾಸ್ ಒಂದೂವರೆ ಕಿಲೋಮೀಟರ್ ದೂರದಲ್ಲಿ ಬಂತು. ಹೋಗಿ ಬರಲು ಮೂರು. ಒಂಬತ್ತೂವರೆಯ ಪ್ರಾರ್ಥನೆಗೆ ತಡವಾದ ಹುಡುಗರು ಮೂರು ಕಿಲೋಮೀಟರ್ ಲೆಕ್ಕ ಹಾಕುವುದಿಲ್ಲ, ಮೀಡಿಯನ್ ಹಾರುತ್ತಾರೆ. ನಾವೂ ಹಾರಿದ್ದೇವೆ. ಅಲ್ಲಿ ಹೋದವರ ಹೆಸರನ್ನು ನಮ್ಮ ಹಟ್ಟಿಯಲ್ಲಿ ಇಂದಿಗೂ ಬೆರಳು ಮಡಚಿ ಎಣಿಸುತ್ತಾರೆ. ಅವರಲ್ಲಿ ಇಬ್ಬರು ಈ ಶಾಲೆಯ ಹಾಜರಿ ಪುಸ್ತಕದಲ್ಲಿದ್ದವರು. ಅವರ ಮನೆಯವರು ಈ ಸಂಚಿಕೆ ಓದುತ್ತಾರೆ, ಆದ್ದರಿಂದ ಹೆಸರು ಬರೆಯುವುದಿಲ್ಲ. "ಆ ದಾರಿ ನಮ್ಮೂರ್ನ ಎಲ್ಡು ಮಾಡ್ತು ಕಣಪ್ಪ" ಎಂದು ಅಜ್ಜಿ ಅನ್ನುತ್ತಿದ್ದಳು. ಹೋಟೆಲು ಹೋದ ಮೇಲೆ ತಾತ ಜಗುಲಿ ಬಿಟ್ಟು ಇಳಿದದ್ದು ಕಡಿಮೆ.

ಇಷ್ಟು ಬರೆದು ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ನನ್ನ ಬಿ.ಇ. ಫೀಸು ಕಟ್ಟಿದ್ದು ಆ ಎಕರೆಯ ಪರಿಹಾರದ ದುಡ್ಡಿನಿಂದ. ಕಡಲೆಕಾಯಿ ಬೆಳೆದು ಕಟ್ಟಲು ಆಗುತ್ತಿರಲಿಲ್ಲ. ನಮ್ಮ ಹಟ್ಟಿಯಲ್ಲಿ ಆರ್‌ಸಿಸಿ ಮನೆಗಳು ಎದ್ದದ್ದು ಆ ವರ್ಷಗಳಲ್ಲೇ. ಅಮ್ಮನಿಗೆ ಎದೆ ನೋವು ಬಂದ ರಾತ್ರಿ ಆಂಬ್ಯುಲೆನ್ಸ್ ತುಮಕೂರು ಮುಟ್ಟಲು ಹಿಡಿದದ್ದು ಮುಕ್ಕಾಲು ಗಂಟೆ. ಹಳೆಯ ರಸ್ತೆಯಲ್ಲಾಗಿದ್ದರೆ ಏನಾಗುತ್ತಿತ್ತೋ ಯೋಚಿಸಲು ಹೋಗುವುದಿಲ್ಲ. ರಸ್ತೆಯಿಂದ ಕಳೆದುಕೊಂಡವನು ತಾತ, ಪಡೆದವನು ನಾನು. ಇಬ್ಬರೂ ಒಂದೇ ಮನೆಯವರು ಎಂಬುದರಿಂದ ಲೆಕ್ಕ ಸರಿಹೋಯಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ.

ಶಿರಾ ಪಟ್ಟಣದ ಕಥೆ ಸ್ವಲ್ಪ ಬೇರೆ. ಬೈಪಾಸ್ ಆದ ಮೇಲೆ ದೂರದ ಲಾರಿ ಬಸ್ಸುಗಳು ಊರ ಹೊರಗಿಂದಲೇ ಹೋದವು. ಹಳೆಯ ರಸ್ತೆಯ ಲಾಡ್ಜು, ಪಂಕ್ಚರ್ ಅಂಗಡಿ, ಹೋಟೆಲುಗಳಿಗೆ ವ್ಯಾಪಾರ ಇಳಿಯಿತು. ಬೈಪಾಸಿನ ಪಕ್ಕದ ಜಮೀನಿಗೆ ಬೆಲೆ ಬಂತು. ಸುಬಾದ ರಾಜಧಾನಿ ಈಗ ಗೂಗಲ್ ಮ್ಯಾಪಿನಲ್ಲಿ ಒಂದು ಎಕ್ಸಿಟ್. 2010ರ ಮರುಸಂಖ್ಯೆಯಲ್ಲಿ ರಸ್ತೆಯ ಹೆಸರೂ 48 ಎಂದಾಯಿತು, ನಮ್ಮ ಕಡೆಯವರ ಬಾಯಲ್ಲಿ ಅದು ಇನ್ನೂ ‘ಎನ್ಎಚ್ ಫೋರ್’. ತುಮಕೂರು–ಚಿತ್ರದುರ್ಗದ ನಡುವಿನ ಸುಮಾರು 114 ಕಿ.ಮೀ. ಆಮೇಲೆ ಆರು ಪಥವಾಯಿತು, ದಾಟುವ ದೂರ ಇನ್ನಷ್ಟು ಹೆಚ್ಚಿತು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಶಿರಾ–ಮಧುಗಿರಿ–ಗೌರಿಬಿದನೂರು ರಸ್ತೆಯೂ ರಾಷ್ಟ್ರೀಯ ಹೆದ್ದಾರಿಯಾಗಿದೆ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಪೋಣಿಸುವ ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ ಕೆಶಿಪ್ ಯೋಜನೆಯಲ್ಲಿ ಅಗಲವಾಗಿದೆ. ತುಮಕೂರು–ರಾಯದುರ್ಗ, ತುಮಕೂರು–ದಾವಣಗೆರೆ ರೈಲು ಮಾರ್ಗಗಳಿಗೂ ನಮ್ಮ ತಾಲ್ಲೂಕುಗಳಲ್ಲೇ ಭೂಮಿ ಹೋಗಿದೆ. ರೈಲಿನ ಏರಿ ರಸ್ತೆಯ ಏರಿಗಿಂತ ಎತ್ತರ. ಮಧುಗಿರಿ, ಪಾವಗಡದ ಕಡೆ ಗುಡ್ಡದ ಬುಡದ ಹಟ್ಟಿಗಳು ನಮ್ಮಲ್ಲಿಗಿಂತ ಹೆಚ್ಚು. ಅಲ್ಲಿನ ಹುಡುಗರು ಯಾರಾದರೂ ಈ ಸಂಚಿಕೆ ಓದುತ್ತಿದ್ದರೆ ಪತ್ರಿಕೆಯ ಆ ಸಣ್ಣ ಅಕ್ಷರದ ಪಟ್ಟಿಯನ್ನು ಬಿಡದೆ ನೋಡಿ. ಆಕ್ಷೇಪಣೆ ಬರೆಯುವಾಗ ಬೆಲೆಯನ್ನಷ್ಟೇ ಕೇಳಬೇಡಿ. ಮೋರಿ ಎಲ್ಲಿ, ಅಂಡರ್‌ಪಾಸ್ ಎಲ್ಲಿ ಎಂದೂ ಕೇಳಿ. ನಮ್ಮ ಹಟ್ಟಿಯವರು 21 ದಿನವನ್ನೂ ಬೆಲೆಯ ಮಾತಿನಲ್ಲೇ ಕಳೆದರು.

ಕೊನೆಗೊಂದು ಕೋರಿಕೆ. ಸಾಲುಮರಗಳಿದ್ದ ಕಾಲದ ಹೆದ್ದಾರಿಯ ಫೋಟೊ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಹತ್ತನೇ ತರಗತಿಯ ಬೀಳ್ಕೊಡುಗೆಯ ದಿನ ಗೇಟಿನ ಮುಂದೆ ನಿಂತು ತೆಗೆಸಿಕೊಂಡ ಗುಂಪು ಫೋಟೊಗಳಲ್ಲಿ ಹಿಂದೆ ರಸ್ತೆ, ಮರಗಳು, ಅದೃಷ್ಟವಿದ್ದರೆ ತಾತನ ಚಪ್ಪರ ಕಾಣಬಹುದು. ಯಾವ ವರ್ಷದ್ದಾದರೂ ಸರಿ, ಯಾರ ಬಳಿಯಾದರೂ ಇದ್ದರೆ ಶಾಲೆಯ ಕಚೇರಿಗೆ ತಂದುಕೊಡಿ. ಸ್ಕ್ಯಾನ್ ಮಾಡಿ ಮೂಲವನ್ನು ಹಿಂದಿರುಗಿಸುವ ಜವಾಬ್ದಾರಿ ನನ್ನದು.