ಎರೆಸೀಮೆಯ ಹತ್ತಿಯೂ ಕುಮಟೆಯ ದಾರಿಯೂ

ಕುಮಟೆಯಲ್ಲಿ ಹತ್ತಿ ಬೆಳೆಯುವದಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಪೇಟೆಯಿಂದ ಲಿವರಪೂಲದವರೆಗೆ 'ಕುಮಟಾ ಹತ್ತಿ' ಎಂಬ ಹೆಸರು ವ್ಯಾಪಾರಿಗಳ ನಾಲಗೆಯ ಮೇಲಿದ್ದಿತು. ಆ ಹತ್ತಿ ಬೆಳೆದದ್ದು ರೋಣ, ನರಗುಂದ, ನವಲಗುಂದ, ಗದಗುಗಳ ಎರೆಭೂಮಿಯಲ್ಲಿ. ಹಡಗು ಹತ್ತಿದ್ದು ಮಾತ್ರ ಕುಮಟೆಯ ಬಂದರದಲ್ಲಿ. ಬೆಳೆದ ಊರ ಹೆಸರು ಹಿಂದುಳಿದು ಹಡಗು ಹತ್ತಿದ ಊರ ಹೆಸರು ಸರಕಿಗೆ ಅಂಟಿಕೊಂಡಿತು. ಇದು ಕೇವಲ ವಿನೋದದ ಸಂಗತಿಯಲ್ಲ. ಈ ಸೀಮೆಯ ಬೆಳೆಗೆ ಬೆಲೆ ಕಟ್ಟಿದ್ದು ಹೊಲಕ್ಕಿಂತ ಹೆಚ್ಚಾಗಿ ದಾರಿಯೇ ಎಂಬದು ಆ ಹೆಸರೊಂದರಿಂದಲೇ ತಿಳಿದೀತು.

ಎರೆಯ ಗುಣವನ್ನು ಈ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ಇಳಿಯುವಂಥ ಬಿರುಕು ಬಿಡುವ ಆ ನೆಲವು ಎರಡು ದೊಡ್ಡ ಮಳೆ ಬಿದ್ದೊಡನೆ ಅಂಟಿನಂತಾಗಿ, ಚಕ್ಕಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುವದು. ಬೆಣ್ಣಿಹಳ್ಳವು ತುಂಬಿ ಬಂದಿತೆಂದರೆ ಊರಿಗೂ ಊರಿಗೂ ಸಂಬಂಧವೇ ಕಡಿದುಹೋಗುತ್ತಿದ್ದಿತು. ಹತ್ತಿಯನ್ನು ಬಿತ್ತುವದು ಶ್ರಾವಣ-ಭಾದ್ರಪದಗಳಲ್ಲಿ. ಬಿಡಿಸುವದು ಹೋಳಿಹುಣ್ಣಿವೆಯ ಹಿಂದುಮುಂದು. ಬಿಡಿಸಿ, ಕಾಳು ಬೇರೆ ಮಾಡಿ, ಅಂಡಿಗೆ ತುಂಬುವ ಹೊತ್ತಿಗೆ ಯುಗಾದಿ ಬಂದಿರುತ್ತಿದ್ದಿತು. ಅತ್ತ ಮಿರಗದ ಮಳೆಯೊಡನೆ ಸಮುದ್ರವು ಕೆರಳಿ, ಕುಮಟೆಯ ಬಂದರದಲ್ಲಿ ಹಡಗುಗಳ ಸಂಚಾರವು ನಿಲ್ಲುತ್ತಿದ್ದಿತು. ವರ್ಷದ ಬೆಳೆಯೆಲ್ಲ ಹುಬ್ಬಳ್ಳಿಯನ್ನು ದಾಟಿ, ಶಿರಸಿಯ ಕಾಡನ್ನು ಹೊಕ್ಕು, ದೇವಿಮನೆಯ ಘಟ್ಟವನ್ನಿಳಿದು ಕಡಲನ್ನು ಮುಟ್ಟಲಿಕ್ಕೆ ಉಳಿಯುತ್ತಿದ್ದದ್ದು ಎರಡು ಎರಡೂವರೆ ತಿಂಗಳು ಮಾತ್ರ. ಹುಬ್ಬಳ್ಳಿಯಿಂದ ಕುಮಟೆಗೇ ಸುಮಾರು 160 ಕಿಲೋಮೀಟರು. ರೋಣ-ನರಗುಂದದವರಿಗೆ ಹುಬ್ಬಳ್ಳಿಯೇ ದೂರ. ಹಿಂದೆ ಬಿದ್ದ ಹತ್ತಿಗೆ ಮುಂದಿನ ಸುಗ್ಗಿಯವರೆಗೆ ಹಗೇವಿನ ಜೋಳದ ಭಾಗ್ಯವೂ ಇಲ್ಲ. ಅದು ಮೂಲೆಯಲ್ಲಿ ಬಿದ್ದು ಇಲಿಗಳ ಪಾಲು. ಇದನ್ನರಿತ ದಲಾಲನು ವೈಶಾಖದಲ್ಲಿ ಯಾವ ದರವನ್ನು ಹೇಳಿದರೂ ಒಕ್ಕಲಿಗನು ತಲೆಯಾಡಿಸಬೇಕಾಗುತ್ತಿದ್ದಿತು.

ಈ ದಾರಿಯನ್ನು ತುಳಿದವರು ಯಾರು? ಚಕ್ಕಡಿಯ ದಾರಿಗಳು ಆಗುವ ಪೂರ್ವದಲ್ಲಿ ಹೇರೆತ್ತುಗಳೇ ಎಲ್ಲಕ್ಕೂ ಆಧಾರ. ಆ ಎತ್ತುಗಳ ಒಡೆಯರಲ್ಲಿ ಲಂಬಾಣಿಗರು ಮುಖ್ಯರು. ನೂರಾರು ಎತ್ತುಗಳನ್ನು ಮುಂದೆ ಬಿಟ್ಟುಕೊಂಡು, ಹೆಂಡಿರು ಮಕ್ಕಳೊಡನೆ ತಾಂಡಾ ಕಟ್ಟಿಕೊಂಡು ಇವರು ನಡೆಯುತ್ತಿದ್ದರು. ಹೋಗುವಾಗ ಹತ್ತಿ, ಕಾಳು. ಬರುವಾಗ ಸಾಣಿಕಟ್ಟೆಯ ಉಪ್ಪು, ತೆಂಗು, ಅಡಿಕೆ. ದಂಡಿನವರಿಗೂ ಇವರೇ ಗತಿ. 1785ರಲ್ಲಿ ನರಗುಂದವು ಟೀಪುವಿನ ಸೈನ್ಯದ ಕೈವಶವಾದಾಗಲಾಗಲಿ, 1787ರಲ್ಲಿ ಟೀಪುವಿಗೂ ಮರಾಠರಿಗೂ ಗಜೇಂದ್ರಗಡದ ಒಪ್ಪಂದವಾಗುವ ಮುಂಚಿನ ಕಾಳಗಗಳಲ್ಲಾಗಲಿ, 1800ರಲ್ಲಿ ವೆಲ್ಲೆಸ್ಲಿಯು ಧೋಂಡಿಯಾ ವಾಘನ ಬೆನ್ನಟ್ಟಿ ಡಂಬಳದ ಮೇಲೆ ಬಂದಾಗಲಾಗಲಿ ದಂಡುಗಳು ಮುಂದೆ ನಡೆಯುವದು ಹೇರೆತ್ತುಗಳು ಒದಗಿಸುವ ಕಾಳಿನ ಮೇಲೆಯೇ ನಿಂತಿದ್ದಿತು. ಇತಿಹಾಸಕಾರರು ದಂಡನಾಯಕರ ಹೆಸರುಗಳನ್ನು ಬರೆದಿಟ್ಟರು. ದಂಡಿಗೆ ಅನ್ನ ಹೊತ್ತ ನಾಯಕರ ಹೆಸರುಗಳನ್ನು ಯಾರೂ ಬರೆಯಲಿಲ್ಲ.

1861ರಲ್ಲಿ ಅಮೇರಿಕೆಯ ಉತ್ತರ-ದಕ್ಷಿಣ ಸಂಸ್ಥಾನಗಳಲ್ಲಿ ಯುದ್ಧವು ಹತ್ತಿತು. ಅಲ್ಲಿಯ ಹತ್ತಿ ಬಾರದೆ ಲ್ಯಾಂಕಶಾಯರದ ಗಿರಣಿಗಳು ನಿಂತವು. ಈ ಎರೆಸೀಮೆಯ ಹತ್ತಿಗೆ ಅದುವರೆಗೆ ಯಾರೂ ಕೇಳದ ಬೆಲೆ ಬಂದಿತು. ಆದರೆ ಹತ್ತಿ ಇದ್ದರೇನು, ದಾರಿ ಇರಬೇಕಲ್ಲ! ಮ್ಯಾಂಚೆಸ್ಟರದ ವ್ಯಾಪಾರಸ್ಥರು ಈ ಘಟ್ಟದ ದಾರಿಗಳ ಹಾಗೂ ಕಾರವಾರದ ಬಂದರದ ಸಲುವಾಗಿ ಸರಕಾರದ ಬೆನ್ನು ಹತ್ತಿದರು. ಮದ್ರಾಸ ಇಲಾಖೆಯಲ್ಲಿದ್ದ ಉತ್ತರ ಕಾನಡಾ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದ್ದಕ್ಕೆ ಈ ಹತ್ತಿಯ ಚಿಂತೆಯೇ ದೊಡ್ಡ ಕಾರಣ. ಬೆಳೆಯುವ ನಾಡೂ ಬಂದರವೂ ಒಂದೇ ಸರಕಾರದ ಕೈಯಲ್ಲಿರಬೇಕೆಂದು ಅವರ ಹವಣಿಕೆ. ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಅರಳೆಯಲ್ಲಿ ಕಾಳು, ಕಸ, ಮಣ್ಣು. ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರವು ಕಾಯಿದೆಯನ್ನೇ ಮಾಡಬೇಕಾಯಿತು. ತಪ್ಪು ಒಕ್ಕಲಿಗನದೆಂದು ಆಗ ಬರೆದವರು ಬಹಳ. ಸಡಿಲಾದ ಅಂಡಿಗೆಗಳಲ್ಲಿ ಧೂಳಿನ ದಾರಿಯ ಮೇಲೆ ದಿನಗಟ್ಟಲೆ ನಡೆದು ಬಂದ ಅರಳೆಯು ದಾರಿಯ ಕಸವನ್ನೂ ಹೊತ್ತು ತಂದಿತೆಂಬದನ್ನು ಅವರು ಅಷ್ಟಾಗಿ ಎಣಿಸಿದಂತೆ ಕಾಣುವದಿಲ್ಲ. 1865ರಲ್ಲಿ ಯುದ್ಧವು ಮುಗಿಯಿತು, ಬೆಲೆ ಕುಸಿಯಿತು.

ದಾರಿಯಿಲ್ಲದಿರುವದರ ನಿಜವಾದ ಬೆಲೆ ತಿಳಿದದ್ದು 1876ರಲ್ಲಿ. ಆ ವರ್ಷ ಮಳೆ ಹೋಯಿತು; 1878ರ ವರೆಗೆ ಡೌಗಿ ಬರದ ಬಾಧೆ ತೀರಲಿಲ್ಲ. ಹೊರನಾಡುಗಳಲ್ಲಿ ಕಾಳು ಇರಲಿಲ್ಲವೆಂದಲ್ಲ. ಸೊಲ್ಲಾಪುರಕ್ಕೆ 1860ರಲ್ಲಿಯೇ ರೇಲ್ವೆ ಬಂದಿತ್ತು. ಬಳ್ಳಾರಿಗೂ ಬರದ ಮುಂಚೆಯೇ ಬಂದಿತ್ತು. ಆ ನಿಲ್ದಾಣಗಳಿಂದ ರೋಣ-ಗಜೇಂದ್ರಗಡಗಳಿಗೆ ಕಾಳನ್ನು ತರಬೇಕಾದದ್ದು ಎತ್ತು. ಆ ಎತ್ತಿಗೆ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಜನರಿಗಿಂತ ಮುಂಚೆ ದನಗಳು ಸತ್ತವು. ಎತ್ತು ಸತ್ತ ಮೇಲೆ ಕಾಳು ಬರುವದು ಹೇಗೆ? ಹಣವಿದ್ದವನೂ ಕೊಳ್ಳಲಾರದೆ ಕುಳಿತ ಬರ ಅದು. ಹೇರೆತ್ತನ್ನೇ ನಂಬಿದ ಸಾಗಾಣಿಕೆಯು ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಕೈಬಿಡುವಂಥದೆಂಬದು ಆಗ ಎಲ್ಲರಿಗೂ ಮನಗಂಡಿತು.

ಬರದ ಆಯೋಗವು 1880ರಲ್ಲಿ ಕೊಟ್ಟ ಸಲಹೆಯಂತೆ ಬರಗಾಲವನ್ನು ತಡೆಯುವ ರೇಲ್ವೆಗಳ ವಿಚಾರ ನಡೆಯಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿಗೆ ಗಾಡಿ ಬಂದಿತು. ರೋಣ ತಾಲೂಕಿನಲ್ಲಿ ಹೊಳೆಆಲೂರು, ಮಲ್ಲಾಪುರಗಳಲ್ಲಿ ನಿಲ್ದಾಣಗಳಾದವು. 1888ರಲ್ಲಿ ಮುರಗಾಂವ ಬಂದರದವರೆಗೆ ದಾರಿ ಕೂಡಿತು. ಆ ಮೇಲೆ ಹತ್ತಿಗೆ ದೇವಿಮನೆಯ ಘಟ್ಟದ ಹಂಗಿಲ್ಲ. ಗದಗಿನಲ್ಲಿ ಜಿನ್ನುಗಳು, ಪ್ರೆಸ್ಸುಗಳು ಎದ್ದವು. ಹತ್ತಿಯ ಪೇಟೆಯು ಅಲ್ಲಿ ನೆಲೆಸಿತು. ಕುಮಟೆಯ ಬಂದರವು ಬರಿದಾಯಿತು. ಆ ಊರಿಗೆ ರೇಲ್ವೆ ಬಂದದ್ದು ಕೊಂಕಣ ಮಾರ್ಗವಾದಾಗ, ಅಂದರೆ 1990ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕಳಿಸಲಿಕ್ಕೆ ಹತ್ತಿಯಿರಲಿಲ್ಲ.

ಕುಮಟೆಯವರಿಗೆ ವ್ಯಾಪಾರ ಹೋಯಿತು. ಲಂಬಾಣಿಗರಿಗೆ ಕುಲದ ಕಸುಬೇ ಹೋಯಿತು. ದಾರಿಯನ್ನೇ ಮನೆಯಾಗಿಸಿಕೊಂಡವರು ಗುಡ್ಡದ ಓರೆಗಳಲ್ಲಿ ಕಟ್ಟಿಗೆ ಮಾರುತ್ತ, ಕೂಲಿ ಮಾಡುತ್ತ ನೆಲೆನಿಂತರು. ಸಾಲದ್ದಕ್ಕೆ ಅಲೆಯುವವರೆಲ್ಲ ಕಳ್ಳರೆಂಬ ಸಂಶಯದಿಂದ ಹುಟ್ಟಿದ 1871ರ ಕಾಯಿದೆಯು ಹಿಂದುಸ್ತಾನದ ಕೆಲವು ಪ್ರಾಂತಗಳಲ್ಲಿ ಇವರ ಕುಲದವರಿಗೂ ತಗುಲಿತು. ಸೈನ್ಯಗಳೇ ನಂಬಿ ನಡೆದ ಜನರಿಗೆ ಸಂದ ಸಂಬಳವಿದು. ಗಜೇಂದ್ರಗಡದ ಸುತ್ತಲಿನ ತಾಂಡಾಗಳನ್ನು ನೋಡುವವರು ಈ ಪೂರ್ವಕಥೆಯನ್ನು ಮರೆಯಬಾರದು.

ರೇಲ್ವೆಯು ಎಲ್ಲರ ಬಾಗಿಲಿಗೆ ಬರಲಿಲ್ಲ. ನರಗುಂದ, ರೋಣ, ಗಜೇಂದ್ರಗಡ ಮೂರೂ ಪೇಟೆಗಳು ಮಾರ್ಗದ ಆಚೆಗೇ ಉಳಿದವು. ನಿಲ್ದಾಣದವರೆಗೆ ಮತ್ತೆ ಚಕ್ಕಡಿಯೇ, ಮತ್ತೆ ಅದೇ ಎರೆಯೇ. ಆ ಕೊರತೆಯನ್ನು ಕಾಲಾಂತರದಲ್ಲಿ ತುಂಬಿದ್ದು ಲಾರಿ. 1976ರಲ್ಲಿ ಗದಗಿನ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಸಾಗಾಣಿಕೆಯನ್ನು ಪ್ರಾರಂಭಿಸಿದರು. ಅವರದು ಮುದ್ರಣದ ಮನೆತನ. ಲಾರಿಯ ಕಸುಬು ಹೊಸದು. ಮುಂದೆ ಹುಬ್ಬಳ್ಳಿಗೆ ಹೋಗಿ ಬೆಳೆದ ಆ ವಿ.ಆರ್.ಎಲ್. ಸಂಸ್ಥೆಯು ಸಾವಿರಾರು ವಾಹನಗಳದಾಗಿ, 2015ರಲ್ಲಿ ಷೇರುಪೇಟೆಯನ್ನೂ ಮುಟ್ಟಿತು. ಸಾಗಾಣಿಕೆಯ ಒಡೆತನವು ಈ ಸಲವಾದರೂ ಈ ಸೀಮೆಯವರ ಕೈಗೆ ಬಂದದ್ದು ಗಮನಿಸತಕ್ಕ ಸಂಗತಿ.

ಆಕಾಶದ ದಾರಿಯ ಮಾತೂ ಇಲ್ಲಿ ಒಂದಿಷ್ಟು ಉಂಟು. 1932ರ ಅಕ್ಟೋಬರದಲ್ಲಿ ಟಾಟಾ ಅವರ ಟಪಾಲು ವಿಮಾನವು ಕರಾಚಿಯಿಂದ ಮುಂಬಯಿಗೆ ಬಂದು, ಬಳ್ಳಾರಿಯಲ್ಲಿ ಇಳಿದು ಮದ್ರಾಸಕ್ಕೆ ಹೋಯಿತು. ನೆರೆಯ ಸೀಮೆಯ ಬಾನಿನಲ್ಲಿ ಹೋದ ಆ ಮೊದಲ ಹೇರು ಕಾಗದಗಳದು. 2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ತನ್ನ ಮೊದಮೊದಲಿನ ಹಾರಾಟಗಳಲ್ಲಿಯೇ ಬೆಂಗಳೂರನ್ನೂ ಹುಬ್ಬಳ್ಳಿಯನ್ನೂ ಕೂಡಿಸಿತು. 2009ರಲ್ಲಿ ಅವರೇ ಸರಕಿಗಾಗಿ ನಾಗಪುರವನ್ನು ಕೇಂದ್ರವಾಗಿಟ್ಟು ಡೆಕ್ಕನ್ 360 ಎಂಬದನ್ನು ಹೂಡಿದರು. ಅದು ಬಹುಕಾಲ ಬಾಳಲಿಲ್ಲ. ವಿಮಾನವು ಹೊರುವದು ಹಗುರವಾದ, ಬೆಲೆಯುಳ್ಳ, ತಡೆದರೆ ಕೆಡುವ ಸರಕನ್ನು. ಹತ್ತಿಯು ಬೆಲೆಗೆ ಸಣ್ಣದು, ಗಾತ್ರಕ್ಕೆ ದೊಡ್ಡದು. ಅದಕ್ಕೆ ನೆಲದ ದಾರಿಯೇ ಬೇಕು.

ಆ ನೆಲದ ದಾರಿಗಳಲ್ಲಿ ಹುಬ್ಬಳ್ಳಿ-ಅಂಕೋಲೆಯ ರೇಲ್ವೆ ಇನ್ನೂ ಮುಗಿದಿಲ್ಲ. ಗದಗ-ವಾಡಿ ಮಾರ್ಗದಲ್ಲಿ 2025ರಲ್ಲಿ ಕುಷ್ಟಗಿಯವರೆಗೆ ಗಾಡಿ ಬಂದಿತು. ಅದು ತಳಕಲ್ಲಿನಿಂದ ಯಲಬುರ್ಗೆಯ ಮೇಲೆ ಹೋಗುವದು; ಗಜೇಂದ್ರಗಡವು ಈ ಸಲವೂ ಪಕ್ಕಕ್ಕೆ ಉಳಿಯಿತು.