ಮಕ್ಕಳ ಆನ್‌ಲೈನ್ ಲೈಂಗಿಕ ಶೋಷಣೆ: ಅಪರಾಧಕ್ಕೂ ಮೊದಲೇ ತಡೆ ಹೇಗೆ?

ಕಾಯಿಲೆ ಬರುವ ಮುನ್ನವೇ ತಡೆಯುವಂತೆ ಮಕ್ಕಳ ಆನ್‌ಲೈನ್ ಲೈಂಗಿಕ ಶೋಷಣೆಯನ್ನೂ ಮೊದಲೇ ತಡೆಯಬೇಕು ಎನ್ನುವುದು ಸಾರ್ವಜನಿಕ ಆರೋಗ್ಯದ ದೃಷ್ಟಿ. ಬರ್ಲಿನ್‌ನ ಶಾರಿಟೆ ಆಸ್ಪತ್ರೆ 2005ರಲ್ಲಿ ಇಂಥ ಯೋಜನೆ ಆರಂಭಿಸಿತು. ಮಕ್ಕಳತ್ತ ಲೈಂಗಿಕ ಆಕರ್ಷಣೆ ಇರುವವರು ತಾವಾಗಿಯೇ ಬಂದರೆ ಅಲ್ಲಿ ಉಚಿತ ಚಿಕಿತ್ಸೆ, ಗುರುತು ಗೋಪ್ಯ. ಕೇಳಲು ಕಸಿವಿಸಿಯಾಗಬಹುದು. ಆದರೆ ಹೆದರಿ ಬಚ್ಚಿಟ್ಟುಕೊಂಡವರನ್ನು ಪೊಲೀಸರು ತಲುಪುವ ಹೊತ್ತಿಗೆ ಮಗುವಿಗೆ ಹಾನಿ ಆಗಿಯೇ ಹೋಗಿರುತ್ತದೆ.

ಭಾರತದಲ್ಲೂ ಈ ಮಾತು ಬಂದಿದೆ. ಮದ್ರಾಸ್ ಹೈಕೋರ್ಟ್ ಆದೇಶವನ್ನು 2024ರ ಸೆಪ್ಟೆಂಬರ್ 23ರಂದು ರದ್ದುಪಡಿಸಿದ ಸುಪ್ರೀಂ ಕೋರ್ಟ್, ಮಕ್ಕಳ ಅಶ್ಲೀಲ ದೃಶ್ಯಗಳನ್ನು ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧ ಎಂದಿತು. ಸುದ್ದಿಯಾದದ್ದು ಅಷ್ಟೇ. ಅದೇ ತೀರ್ಪು ಲೈಂಗಿಕ ಶಿಕ್ಷಣ, ದಾರಿ ತಪ್ಪುತ್ತಿರುವ ಯುವಕರನ್ನು ಬೇಗ ಗುರುತಿಸುವುದು, ಸಂತ್ರಸ್ತರಿಗೆ ನೆರವು, ಅಪರಾಧಿಗಳಿಗೆ ಪುನರ್ವಸತಿಯನ್ನೂ ಸೂಚಿಸಿದೆ. ತೊಂದರೆಯಲ್ಲಿರುವ ಮಕ್ಕಳಿಗಾಗಿ 1098ಕ್ಕೆ ಕರೆ ಮಾಡಬಹುದು.